ಗಟ್ಟಿಯಾಗದ ಚಿಪ್ಪು

ಹೆಬ್ಬೆಟ್ಟಕ್ಕ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ತೀರಿಕೊಂಡಳು. ಹೃದಯಾಘಾತ. ವಯಸ್ಸು ಐವತ್ತೆಂಟು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಅವಳ ಬಾಯಿ ಜೋರು ಅನ್ನುವುದೂ ಒಳ್ಳೆಯ ಮಾತೇ.

ಓದು ಬಾರದ್ದಕ್ಕೆ ಬಂದ ಹೆಸರಲ್ಲ ಅದು. ದಿನಕ್ಕೆರಡು ಬಾರಿ ಕೊಳದಿಂದ ಮೇವಿನ ತಟ್ಟೆ ಎತ್ತಿ, ಅದರಲ್ಲಿ ಸಿಕ್ಕ ಸಿಗಡಿಗಳ ಬೆನ್ನನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡುತ್ತಿದ್ದಳು. ಸಿಗಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು, ಹೊಸದು ಬೇಗ ಗಟ್ಟಿಯಾಗಬೇಕು. ನಡುವೆ ಅದು ತೀರಾ ಬಡಪಾಯಿ.

ಹೋದ ವರ್ಷ, ಅವಳ ಮೂರು ಕೊಳಗಳಿಗೆ ನೀರು ಬರುವ ಕಾಲುವೆಯ ಮೇಲ್ಗಡೆ ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆ ಶುರುವಾಯಿತು. ತಿಂಗಳೊಳಗೆ ಮೊದಲ ಕೊಳದ ಸಿಗಡಿಗಳ ಕಿವಿರು ಕಪ್ಪಾಯಿತು, ಮೇವು ತಟ್ಟೆಯಲ್ಲೇ ಉಳಿಯಿತು. ಚಿಪ್ಪು ಗಟ್ಟಿಯಾಗಲೇ ಇಲ್ಲ. ಕೊಳಕ್ಕೆ ಕೊಳವೇ ಸತ್ತಿತು. ರೋಗವೆಂದು ತಿಳಿದು ಅವಳು ಎರಡನೆಯ ಕೊಳಕ್ಕೆ ಕೈಬಿಚ್ಚಿ ಸುಣ್ಣ ಸುರಿದಳು. ಸಿಗಡಿ ಸಾಕುವವರೆಲ್ಲ ಮಾಡುವುದೇ ಅದು. ಆದರೆ ಕಾರ್ಖಾನೆಯ ನೀರಿನಲ್ಲಿ ಅಮೋನಿಯಾ ಇತ್ತು. ಸುಣ್ಣ ಬಿದ್ದರೆ ಅದರ ವಿಷ ಏರುತ್ತದೆ. ಎರಡು ದಿನದಲ್ಲಿ ಆ ಕೊಳವೂ ಹೋಯಿತು.

"ಸುಣ್ಣ ಹಾಕಿ ಕೊಂದವರು ನೀವೇ ಅಲ್ವಾ ಅಮ್ಮಾ?" ಅಂದ ಕಾರ್ಖಾನೆಯ ಮ್ಯಾನೇಜರ್, ಅವಳ ದೂರಿನ ಮೇಲೆ ತಪಾಸಣೆಗೆ ಬಂದ ಅಧಿಕಾರಿಯ ಮುಂದೆ.

"ಎರಡನೇ ಕೊಳಕ್ಕೆ ಹಾಕಿದೆ. ನನ್ನದೇ ತಪ್ಪು, ಬರ್ಕೊಳ್ಳಿ. ಮೊದಲನೇದಕ್ಕೆ ಒಂದು ಚಿಟಿಕೆನೂ ಹಾಕಿಲ್ಲ. ಅದನ್ನ ಯಾರು ಕೊಂದ್ರು?"

"ನಿಮಗೆ ಸಿಗಡಿ ಭಾಷೆ ಬರುತ್ತಾ?"

"ಬರುತ್ತೆ. ನಿಮ್ಮ ಹೆಸರೇ ಹೇಳ್ತಿವೆ."

ಅಧಿಕಾರಿ ನಕ್ಕ. ಪರೀಕ್ಷೆಯಲ್ಲಿ ಕಾಲುವೆ ನೀರು ಶುದ್ಧವಾಗಿದೆ ಎಂದ. ಅವನು ಸೀಸೆಗೆ ನೀರು ತುಂಬಿಕೊಂಡದ್ದು ಕಾರ್ಖಾನೆಗೆ ರಜೆಯಿದ್ದ ಭಾನುವಾರ.

ಉಳಿದದ್ದು ಮೂರನೆಯ ಕೊಳ. ಅದಕ್ಕೆ ಬಾವಿಯ ನೀರು ಬಿಟ್ಟು ಮೂರು ವಾರ ಬಾಣಂತಿಯಂತೆ ಜೋಪಾನ ಮಾಡಿದ್ದಳು. ಚಿಪ್ಪುಗಳು ಗಟ್ಟಿಯಾಗತೊಡಗಿದ್ದವು. ಅಷ್ಟರಲ್ಲಿ ಕಾರ್ಖಾನೆಯಿಂದ ಚೀಟಿ ಬಂತು: ಮಂಗಳವಾರ ತೊಟ್ಟಿ ತೊಳೆಯುತ್ತೇವೆ, ಕಾಲುವೆ ತುಂಬಿ ಹರಿಯಬಹುದು. ಹರಿದರೆ ಆ ನೀರು ಮೂರನೆಯ ಕೊಳದ ತಗ್ಗು ಏರಿಯನ್ನು ದಾಟಿ ಒಳಗೆ ಬರುತ್ತದೆ.

ಆ ಮಂಗಳವಾರ ಬೆಳಗಿನಿಂದ ಅವಳಿಗೆ ಎದೆ ಹಿಡಿದುಕೊಂಡಿತ್ತು. ಆದರೂ ತನ್ನ ಜಾಗದ ಗಡಿಯಲ್ಲಿ ಕಾಲುವೆಗಿದ್ದ ತೂಬಿನ ಹತ್ತಿರ ಹಲಗೆ ಹೊತ್ತು ತಂದಳು.

"ಅಕ್ಕಾ, ತೂಬು ಮುಚ್ಚಿದ್ರೆ ನೀರು ಹಿಂದೆ ಹೋಗಿ ಅವರ ಅಂಗಳಕ್ಕೇ ನುಗ್ಗುತ್ತೆ," ಅಂದ ಜೊತೆಗೆ ಬಂದಿದ್ದ ತಮ್ಮ.

"ಶುದ್ಧ ನೀರು ತಾನೇ? ಕಾಲು ತೊಳ್ಕೊಳ್ಳಲಿ."

"ಕೇಸು ಹಾಕ್ತಾರೆ."

"ಹಾಕಲಿ. ಆಗಲಾದರೂ ನೀರನ್ನ ಸರಿಯಾದ ದಿನ ಪರೀಕ್ಷೆ ಮಾಡಿಸ್ತಾರೆ."

"ಸರಿ, ನೀನು ಕೂತ್ಕೋ. ನಾನು ಇಳಿಸ್ತೀನಿ."

"ನೀನು ಇಳಿಸಿದ್ರೆ ಕೇಸು ನಿನ್ನ ಮೇಲೆ. ಆಚೆ ಸರಿ."

ನಾಲ್ಕು ಹಲಗೆ ಇಳಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿದಳು. ಹತ್ತು ಗಂಟೆಯ ಹೊತ್ತಿಗೆ ಐದನೆಯದು ಅರ್ಧಕ್ಕೇ ಸಿಕ್ಕಿಕೊಂಡಿತು. ಅದರ ಮೇಲೆ ಎರಡು ಕಾಲೂ ಊರಿ ನಿಂತು, ಕಟ್ಟೆಯ ಕಂಬಿ ಹಿಡಿದು, ಅದು ಪೂರ್ತಿ ಕೂರುವವರೆಗೂ ತುಳಿದಳು.