ಒದ್ದೆ ಹೊಟ್ಟು, ಒಂದು ಪೊರಕೆ ಮತ್ತು ಕರೆಂಟು ಕಾರು

ಇದು ನಿಜವಾಗಿ ನಡೆದದ್ದೇ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವರ ಚಹಾಕ್ಕೆ ಜನ್ಮವಿಡೀ ಉಪ್ಪು ಬೀಳಲಿ.

ಬೆಳಗಿನ ಐದೂವರೆ. ಕಾರು ಕಾರ್ಖಾನೆಯ ಶೆಡ್ಡು ಎಷ್ಟು ಉದ್ದವೆಂದರೆ, ಈ ತುದಿಯಲ್ಲಿ ಸೀನಿದರೆ ಆ ತುದಿಯವರು ಊಟದ ಹೊತ್ತಿಗೆ ಬೆಚ್ಚಿಬೀಳಬೇಕು. ಅಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಮರದ ಹೊಟ್ಟಿಗೆ ನೀರು ಚಿಮುಕಿಸಿ, ಒಂದು ಹಿಡಿ ತೆಗೆದು ಹಿಂಡುತ್ತಿದ್ದಾರೆ. ಉಂಡೆ ನಿಲ್ಲಬೇಕು, ಹನಿ ಬೀಳಬಾರದು. ಆಮೇಲೆ ಹೊಟ್ಟನ್ನು ನೆಲಕ್ಕೆರಚಿ, ಪೊರಕೆ ಮೇಲೆತ್ತದೆ, ಮಗುವಿನ ಬೆನ್ನು ಸವರಿದ ಹಾಗೆ ತಳ್ಳುತ್ತಾರೆ. ಧೂಳು ಹೊಟ್ಟಿಗೆ ಅಂಟಿಕೊಂಡು ತೆಪ್ಪಗೆ ಹೊರಟುಹೋಗುತ್ತದೆ.

"ಧೂಳನ್ನ ಬೈದು ಎಬ್ಬಿಸ್ಬಾರ್ದು. ಸಮಾಧಾನ ಮಾಡಿ ಕರ್ಕೊಂಡ್ ಹೋಗ್ಬೇಕು, ನೆಂಟರನ್ನ ಬಸ್ಸು ಹತ್ತಿಸ್ದಂಗೆ" ಅನ್ನುತ್ತಾರೆ ಇವರು. ಕಾರ್ಖಾನೆಗೆಲ್ಲ ಇವರು 'ಪೊರಕೆ ಅಕ್ಕ'.

ಇಪ್ಪತ್ತೇಳು ವರ್ಷದ ಕೆಲಸ. ದಿನಕ್ಕೆ ನಾಲ್ಕು ಮೂಟೆ ಹೊಟ್ಟು, ಹನ್ನೊಂದು ಕಿಲೋಮೀಟರ್ ನಡಿಗೆ. ಕೂಡಿಸಿದರೆ ಭೂಮಿಯನ್ನು ಎರಡು ಸುತ್ತು ಗುಡಿಸಿ ಮುಗಿಸಿದ್ದಾರೆ. ಇವರು ಗುಡಿಸಿದ ನೆಲದ ಮೇಲೆ ನೊಣ ಕೂತರೆ ತನ್ನ ಮುಖ ನೋಡಿಕೊಂಡು ಮೀಸೆ ತೀಡುತ್ತದಂತೆ. ಗಂಡ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಇದೇ ಪೊರಕೆ ಹಿಡಿದು ಅವಳನ್ನು ಬೆಳೆಸಿದರು. ಮಗಳು ಇದೇ ಶೆಡ್ಡಿನಲ್ಲಿ ಎಂಜಿನ್ ಜೋಡಿಸುವ ಕೆಲಸಕ್ಕೆ ಸೇರಿದಳು.

ಹಾಗಿರುವಾಗ ಎರಡು ವರ್ಷದ ಹಿಂದೆ ಕಂಪನಿ ಪೆಟ್ರೋಲ್ ಗಾಡಿ ಸಾಕು, ಇನ್ನು ಕರೆಂಟು ಕಾರು ಎಂದಿತು. ಕರೆಂಟು ಕಾರಿಗೆ ಎಂಜಿನ್ ಬೇಡ, ಎಂಜಿನ್ ಜೋಡಿಸುವವರೂ ಬೇಡ. ಬ್ಯಾಟರಿ ಎಲ್ಲಿ ಕಟ್ಟುತ್ತಾರೋ ಕೆಲಸ ಅಲ್ಲಿಗೆ ಹೋಗುತ್ತದೆ, ಅದರ ಬೆನ್ನಿಗೆ ಚಹಾ ಅಂಗಡಿ, ಬಾಡಿಗೆ ಮನೆ, ಶಾಲೆಯ ಮಕ್ಕಳು ಎಲ್ಲ. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಎರಡೇ ಜಾಗ: ಒಂದು ಈ ಶೆಡ್ಡು, ಇನ್ನೊಂದು ದೂರದ ಬಂದರಿನ ಪಕ್ಕದ ಖಾಲಿ ಬಯಲು.

"ಕೆಲ್ಸ ಅಲ್ಲಿಗೆ ಹೋದ್ರೆ ನಮ್ಮನ್ಯಾರೂ ಕರೆಯಲ್ಲಮ್ಮ. ಒಂಬೈನೂರು ಜನ ಮನೇಲಿ ಕೂತು ಗೋಡೆ ನೋಡ್ಬೇಕು" ಅಂದಳು ಮಗಳು.

ಜಾಗ ಆರಿಸಲು ಕಂಪನಿಯ ದೊಡ್ಡ ಮೇಡಂ ಬಂದರು, ಜೊತೆಗೆ ಧೂಳು ಎಣಿಸುವ ಮಿಷಿನ್ನು. ಬ್ಯಾಟರಿಯೊಳಗೆ ಒಂದು ಕಬ್ಬಿಣದ ಕಣ ಸೇರಿದರೂ ಕಾರು ನಡುದಾರಿಯಲ್ಲಿ ಕೈಕೊಡುತ್ತದೆ. ಶೆಡ್ಡಿನ ಮ್ಯಾನೇಜರ್ ಸಾಹೇಬರು ಅತಿ ಬುದ್ಧಿವಂತಿಕೆ ಮಾಡಿದ್ದರು. ಪೊರಕೆ ಹಿಡಿದವರು ದೊಡ್ಡವರ ಕಣ್ಣಿಗೆ ಬೀಳಬಾರದೆಂದು ಅಕ್ಕನಿಗೆ ರಜೆ ಕೊಟ್ಟು, ಹಿಂದಿನ ಸಂಜೆ ಗಾಳಿ ಪೈಪಿನಿಂದ ಶೆಡ್ಡೆಲ್ಲ ಊದಿಸಿದ್ದರು. ನೆಲ ಫಳಫಳ. ಧೂಳೆಲ್ಲ ಹಾರಿ ಸೂರಿನ ತೊಲೆಗಳ ಮೇಲೆ ಕೂತಿತ್ತು. ಬೆಳಿಗ್ಗೆ ಫ್ಯಾನ್ ಹಾಕಿದ್ದೇ ತಡ, ಜರಡಿ ಹಿಡಿದ ಹಾಗೆ ಉದುರತೊಡಗಿತು.

ಮಗಳ ಫೋನು ಬಂತು. "ಅಮ್ಮಾ, ಮಿಷಿನ್ನು ಬಾಯಿ ಬಡ್ಕೊಳ್ತಿದೆ. ಮೇಡಂ ಪುಸ್ತಕ ಮಡಚ್ತಿದಾರೆ, ಬೇಗ ಬಾ!"

ಅಕ್ಕ ಹೇಗೆ ಓಡಿದರೆಂದರೆ ನೆರಳು ಗೇಟಿನಲ್ಲೇ ಉಳಿದುಕೊಂಡಿತು. ಒಳಗೆ ಬಂದವರೇ ಕೂಗಿದರು. "ಫ್ಯಾನ್ ಆರ್ಸಿ! ಬಾಗ್ಲು ಮುಚ್ಚಿ!" ಆಮೇಲೆ ಮೇಡಂ ಕಡೆ ತಿರುಗಿ, "ಮಧ್ಯಾಹ್ನದ ತನಕ ಟೈಮ್ ಕೊಡಿ ತಾಯಿ. ಇದು ನೆಲದ ತಪ್ಪಲ್ಲ" ಅಂದರು.

ಮೇಡಂ ಗಡಿಯಾರ ನೋಡಿ ಕುರ್ಚಿ ಎಳೆದುಕೊಂಡರು.

"ಅಕ್ಕ, ನಾನೇನ್ ಮಾಡ್ಲಿ?" ಅಂದರು ಮ್ಯಾನೇಜರ್.

"ನೀವು ಉಸಿರು ಮಾತ್ರ ಬಿಡಿ ಸಾಹೇಬ್ರೆ. ಅದೂ ಮೆಲ್ಲಗೆ."

ಒಂದು ಗಂಟೆ ಯಾರೂ ಅಲುಗಲಿಲ್ಲ. ಗಾಳಿಯ ಧೂಳು ನೆಲಕ್ಕೆ ಕೂತಿತು. ತೊಲೆಗಳನ್ನು ಮಗಳು ಏಣಿ ಹತ್ತಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕೆಳಗೆ ಅಕ್ಕ ಹೊಟ್ಟು ಎರಚುತ್ತ, ತಳ್ಳುತ್ತ, ಬಾಗಿದ ಸೊಂಟ ಎತ್ತದೆ ಆ ತುದಿ ಮುಟ್ಟಿದರು. ಮಿಷಿನ್ನು ಹಚ್ಚಿದರೆ ಚಕಾರ ಇಲ್ಲ! ಕೆಟ್ಟಿರಬೇಕೆಂದು ಮೇಡಂ ಅದರ ತಲೆಗೆ ಎರಡು ಸಲ ತಟ್ಟಿದರಂತೆ.

"ದಿನಾ ಇಷ್ಟುದ್ದ ಗುಡಿಸೋಕೆ ಯಾವ ಯಂತ್ರ ಹಾಕ್ತೀರಿ?" ಅಂದರು ಮೇಡಂ.

ಅಕ್ಕ ಎರಡೂ ಅಂಗೈ ಚಾಚಿದರು. "ಇದು. ರಿಪೇರಿಗೆ ಬಂದಿದೆ, ಆದ್ರೂ ಓಡತ್ತೆ."

ಬಂದರಿನಲ್ಲಿ ಬಯಲಿದೆ, ಹಡಗಿದೆ. ಇಂಥ ಕೈ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಮೇಡಂ ಪುಸ್ತಕದಲ್ಲಿ ಹಾಗೇ ಬರೆದುಕೊಂಡರು. ಮೂರು ವಾರದಲ್ಲಿ ಪತ್ರ ಬಂತು: ಬ್ಯಾಟರಿ ಇಲ್ಲೇ. ಆ ದಿನ ಒಂಬೈನೂರು ಜನ ಹಾಕಿದ ಶಿಳ್ಳೆಗೆ ಪಕ್ಕದ ನಿಲ್ದಾಣದಲ್ಲಿ ನಿಂತಿದ್ದ ರೈಲು ಹೊರಟೇ ಹೋಯಿತು.

ಈಗ ಮಗಳು ಬ್ಯಾಟರಿ ಜೋಡಿಸುತ್ತಾಳೆ. ಅಕ್ಕ ಹನ್ನೊಂದು ಜನಕ್ಕೆ ಹೊಟ್ಟು ಹಿಂಡಲು ಕಲಿಸುತ್ತಾರೆ. ಮ್ಯಾನೇಜರ್ ಹನ್ನೆರಡನೆಯವರು, ಅವರ ಉಂಡೆ ಇನ್ನೂ ನಿಲ್ಲುತ್ತಿಲ್ಲ.

ಏನು ಆಸೆ ಎಂದು ಕೇಳಿದರೆ ಅಕ್ಕ ನಗುತ್ತಾರೆ. "ಗಾಡಿ ಯಾರಾದ್ರೂ ಓಡಿಸ್ಕೊಳ್ಲಿ. ಬ್ಯಾಟರಿ ಬಿಚ್ಚಿ ನೋಡಿ, ಒಂದು ಕಣ ಸಿಕ್ರೆ ನನ್ನನ್ನ ಕೇಳಿ."

ಇಷ್ಟಾದ ಮೇಲೂ ಇದೆಲ್ಲ ಬುರುಡೆ ಅನ್ನುವವರು ಇರುತ್ತಾರೆ. ಇರಲಿ. ಮೊದಲು ಎದ್ದು ನಿಮ್ಮ ಮಂಚದ ಕೆಳಗೆ ಒಂದು ಸಲ ಗುಡಿಸಿ ಬನ್ನಿ, ಆಮೇಲೆ ಮಾತಾಡೋಣ.