ನೇರಳೆ ಸೂಟ್‌ಕೇಸು

ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯಾಕೆ ಮೆಕ್ಸಿಕೋದವಳು. ಹಗಲೆಲ್ಲ ಊರವರ ಮನೆ ಕ್ಲೀನ್ ಮಾಡಿ ಬಂದು ಸಂಜೆ ಹೆಂಚಿನ ಮುಂದೆ ನಿಲ್ಲುತ್ತಿದ್ದಳು. ಗಂಡ, ಮಗ ಕೂತು ಉಣ್ಣುವಾಗ ಇವಳೂ ಮಗಳೂ ನಿಂತೇ ಬಿಸಿಬಿಸಿ ಮೆಕ್ಕೆಜೋಳದ ರೊಟ್ಟಿ ಹಾಕುತ್ತಿರಬೇಕು. ಧಾರವಾಡದ ನನ್ನ ತವರಿನಲ್ಲೂ ಇದೇ ಹಣೆಬರಹ. ನೋಡಿದರೆ ಮೈ ಉರಿಯುತ್ತಿತ್ತು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ಕಲಿಸಿದ ‘ಅಕ್ಕಾ’ ಮಾತ್ರ ಕನ್ನಡ.

ಅವಳ ಮಗಳಿಗೆ ದೂರದ ಸ್ಯಾನ್ ಡಿಯೇಗೋದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ತಾಯಿ ಒಂದು ನೇರಳೆ ಬಣ್ಣದ ಸೂಟ್‌ಕೇಸು ಹೊತ್ತು ಮೆಟ್ಟಿಲು ಹತ್ತಿ ಬಂದಳು.

“ಅಕ್ಕಾ, ಇದು ನಿಮ್ಮನೇಲಿರಲಿ. ಅವರಪ್ಪ ಹೂಂ ಅಂದ ದಿನ ಅವಳಿಗೆ ಕೊಡ್ತೀನಿ. ಅಲ್ಲೀವರೆಗೂ ಅವಳಿಗೆ ಹೇಳ್ಬೇಡಿ.”

ಅಪ್ಪ ಹೂಂ ಅನ್ನಲಿಲ್ಲ. ಅವರ ಮನೆತನದಲ್ಲಿ ಹೆಣ್ಣುಮಗಳು ಮನೆ ಬಿಡುವುದು ಮದುವೆಯ ಬಿಳಿ ಗೌನಿನಲ್ಲೇ. ಅದಕ್ಕೆ ಮುಂಚೆ ಹೋದರೆ ಮರ್ಯಾದೆ ಮಣ್ಣುಪಾಲಂತೆ. ತಾಯಿ ಕೇಳಿಕೊಂಡಳೆಂದು ನಾನೂ ಹೋಗಿ ಹೇಳಿ ನೋಡಿದೆ.

“ನಿಮ್ಮ ದೇಶದಲ್ಲಿ ಹೆಣ್ಮಕ್ಕಳನ್ನ ಹೀಗೇ ಕಳಿಸಿಬಿಡ್ತಾರಾ?” ಎಂದ ಮಹಾರಾಯ, ನಗುತ್ತಲೇ.

ಪಿತ್ತ ನೆತ್ತಿಗೇರಿತು. ಸಿಟ್ಟು ಬಂದರೆ ನನ್ನ ಇಂಗ್ಲಿಷೂ ಧಾರವಾಡದ್ದೇ. “ಹಂಗಾದ್ರ ಮಗ ಹೋಗುಮುಂದ ಯಾವ ಗೌನು ತೊಡಿಸಿ ಕಳಿಸ್ತೀರಿ?” ಅಂದೆ.

ಅವನು ಇನ್ನೊಂದು ರೊಟ್ಟಿಗೆ ತಟ್ಟೆ ಚಾಚಿದ. ತಾಯಿ ಹೆಂಚಿನ ಕಡೆ ಮುಖ ಮಾಡಿ ರೊಟ್ಟಿ ತಿರುವಿ ಹಾಕಿದಳು. ಹುಡುಗಿ ಹತ್ತಿರದ ಗ್ರೋಸರಿ ಅಂಗಡಿಯ ಕೌಂಟರಿಗೆ ಕೆಲಸಕ್ಕೆ ಸೇರಿದಳು.

ಈ ಬೇಸಿಗೆಯಲ್ಲಿ ಅವಳ ತಮ್ಮನಿಗೆ ಲಾಸ್ ಏಂಜಲೀಸಿನಲ್ಲಿ ಸೀಟು ಸಿಕ್ಕಿತು. ಅದೇ ಅಪ್ಪ ಅಪಾರ್ಟ್‌ಮೆಂಟಿನವರಿಗೆಲ್ಲ ಸಿಹಿ ಬನ್ನು ಹಂಚಿದ. ಕೆಲವು ದಿನಗಳ ಮೇಲೆ ಹುಡುಗಿ ಬಾಗಿಲು ತಟ್ಟಿದಳು.

“ಆಂಟಿ, ಅಮ್ಮ ಇಲ್ಲೊಂದು ಸೂಟ್‌ಕೇಸ್ ಇಟ್ಟಿದ್ದಾಳಂತೆ. ತಮ್ಮನಿಗೆ ಬೇಕು. ಅಮ್ಮ ಕೆಲಸಕ್ಕೆ ಹೋಗಿದ್ದಾಳೆ, ನೀನೇ ತಗೊಂಡು ಬಾ ಅಂದ್ಲು.”

ಬಟ್ಟೆಯ ಕ್ಲಾಸೆಟ್ಟಿನಿಂದ ತಂದು ಅವಳ ಮುಂದಿಟ್ಟೆ.

“ಅಯ್ಯೋ, ನೇರಳೆ!” ಎಂದು ನಕ್ಕಳು. “ಇದು ನನ್ನ ಕಲರ್ ಆಂಟಿ. ಅವನು ಇದನ್ನ ಮುಟ್ತಾನಾ?”

ಹಾಗೆನ್ನುತ್ತಲೇ ಝಿಪ್ ಎಳೆದಳು. ಒಳಗೆ ಹೊಸ ಟವಲು, ಕೂದಲಿಗೆ ಹಾಕುವ ಬ್ಯಾಂಡುಗಳು, ಹೂವಿನ ಚಿತ್ತಾರದ ನೈಟಿ. ತಾಯಿ ಇವನ್ನೆಲ್ಲ ತುಂಬಿಟ್ಟದ್ದನ್ನೇ ಮರೆತಿದ್ದಳೇನೋ. ಹುಡುಗಿ ನೈಟಿ ಬಿಡಿಸಿ ತನ್ನ ಮೈಗೆ ಹಿಡಿದು ನೋಡಿದಳು. ಅವಳ ಅಳತೆಯದೇ.

“ನಿನಗೇ ತಂದಿದ್ದು ಕಣೇ,” ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವಳು ಒಂದೊಂದನ್ನೇ ತೆಗೆದು ನನ್ನ ಸೋಫಾದ ಮೇಲಿಟ್ಟಳು. ನೈಟಿಯನ್ನು ಮೊದಲಿದ್ದ ಹಾಗೇ ಮಡಚಿದಳು.

“ಇವು ನಿಮ್ಮ ಹತ್ರಾನೇ ಇರ್ಲಿ ಆಂಟಿ. ನಾನು ನೋಡಿದೆ ಅಂತ ಅಮ್ಮನಿಗೆ ಹೇಳ್ಬೇಡಿ. ಪಾಪ, ಅಳ್ತಾಳೆ.”

ಖಾಲಿ ಸೂಟ್‌ಕೇಸು ಹಿಡಿದು ಮೆಟ್ಟಿಲಿಳಿದು ಹೋದಳು, ತಮ್ಮನ ಬಟ್ಟೆ ಜೋಡಿಸುವುದಕ್ಕೆ. ನಾನು ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.