ಉಮ್ಮನ ಹೆಸರಿನ ಬಾಟಲಿ

ಫಳ್ನೀರಿನ ಆಸ್ಪತ್ರೆಯಿಂದ ಹೊರಟು ಪಕ್ಕದ ಅಂಗಡಿಗೆ ಹೋದಾಗ ಉಮ್ಮ ಥಟ್ಟನೆ ನಿಂತರು.

"ನೋಡು ಮೋನೆ, ನಮ್ಮ ಉಪ್ಪಿನಕಾಯಿ ಇಲ್ಲಿಯೂ ಉಂಟು! ಹೀಗೆ ಹಿಂದೆ ಇಟ್ರೆ ಯಾರಿಗೆ ಕಾಣ್ತದೆ?" ಎಂದು ಮಗನಾದ ನನಗೆ ಹೇಳುತ್ತಾ ಬಾಟಲಿಗಳನ್ನು ಒಂದೊಂದಾಗಿ ಮುಂದಿನ ಸಾಲಿಗೆ ಎಳೆದಿಡತೊಡಗಿದರು. ಯಾವ ಅಂಗಡಿಗೆ ಹೋದರೂ ಅವರು ಹಾಗೆಯೇ. ಅವರಿಗೆ ಓದಲು ಬಾರದು. ಲೇಬಲ್ಲಿನ ಮೇಲಿರುವ 'ಐಸಮ್ಮ' ಎಂಬ ತಮ್ಮ ಹೆಸರಿನ ಮೂರಕ್ಷರ ಮಾತ್ರ ಗೊತ್ತು.

ಆದರೆ ಆ ಬಾಟಲಿಗಳು ಈಗ ನಮ್ಮವಲ್ಲ. ನಾನೂ ನನ್ನ ಗೆಳೆಯನೂ ಬಾಯಿಮಾತಿನಲ್ಲೇ ಪಾಲುದಾರರಾದವರು, ಪತ್ರ ಮಾಡಿಸಿರಲಿಲ್ಲ. ಲೇಬಲ್ಲಿನಲ್ಲಿ ಆಹಾರ ಪರವಾನಗಿಯ ನಂಬರ್ ಇದೆಯಲ್ಲ, ಹೆಸರೂ ಭದ್ರ ಎಂದು ನಾನು ನಂಬಿದ್ದೆ. ಅವನು ಟ್ರೇಡ್‌ಮಾರ್ಕನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡು ಬೇರೆಯಾದ. ಆ ಹೆಸರನ್ನು ಮೊದಲು ಬಳಸಿದ್ದು ನಾವೆಂದು ಸಾಬೀತು ಮಾಡಿ ಮರಳಿ ಪಡೆಯಬಹುದಂತೆ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ ಎಂದರು ಹಂಪನಕಟ್ಟೆಯ ವಕೀಲರು. ಕಾಯಿಲೆಯ ಉಮ್ಮನಿಗೆ ಇದನ್ನು ಹೇಳಿಲ್ಲ. ಉಪ್ಪಿನಕಾಯಿ ಈಗ ಬೇರೆ ಕಡೆ ತಯಾರಾಗುತ್ತಿದೆ ಎಂದಷ್ಟೇ ಹೇಳಿದ್ದೇನೆ. ಅದು ಸುಳ್ಳೂ ಅಲ್ಲ.

ಕೊನೆಯ ಬಾಟಲಿ ಮೇಲಿನ ಹಲಗೆಯಲ್ಲಿತ್ತು. ಉಮ್ಮನ ಕೈಗೆ ಎಟುಕಲಿಲ್ಲ. ಅವರು ನನ್ನ ಮುಖ ನೋಡಿದರು. ನಾನೇ ಅದನ್ನು ತೆಗೆದು ಮುಂದಿನ ಸಾಲಿನಲ್ಲಿಟ್ಟೆ.